ತಿಮ್ಮಪ್ಪನಿಗೆ ಕೊಡದ ಮುಡಿ

“ಇದು ನನ್ನ ಮೈ ಅತ್ತಿ… ನಿಮ್ಮ ಮಾನ ಮುಚ್ಚಾಕ ಇದನ್ನ ಯಾಕ ಕೊಯ್ಸಿಕೊಳ್ಳಲಿ?”

ಹೇಮಾಳ ಕೈಯಲ್ಲಿದ್ದ ರೊಟ್ಟಿ ಹಿಟ್ಟು ಪರಾತಕ್ಕೆ ಬಿತ್ತು. ಸೊಸೆ ಎದುರಾಡಿದ್ದು ಇದೇ ಮೊದಲು! ಅತ್ತೆ ಮಾರೆವ್ವ ಓಡಿಹೋಗಿ ಕಿಟಕಿ ಮುಚ್ಚಿದಳು.

“ಸಾವಕಾಶ! ಗ್ವಾಡಿಗೂ ಕಿವಿ ಇರ್ತಾವ. ಪೂರಾ ತಗಸಿದ್ರ ಒಂದ ಸಲಕ್ಕ ಮುಗೀತೈತಿ. ಗಂಟಷ್ಟ ತಗಸಿದ್ರ ವಾರಗಟ್ಟಲೆ ಹುಬ್ಬಳ್ಳ್ಯಾಗ ಕರೆಂಟ್ ಹಿಡಿಸಬೇಕಂತ. ಕೇಳಿದ ಮಂದಿಗೆ ನಾ ಏನಂತ ಹೇಳ್ಲಿ?”

ಮಂದಿಗೆ ಹೇಳಿದ್ದು ಕಡಿಮೆಯಾಗಿತ್ತೇ! ಕಿಮೋ ಔಷಧಿಗೆ ಹೇಮಾಳ ಮಾರುದ್ದದ ಜಡೆ ಉದುರಿದಾಗ, “ಸೊಸಿಗೆ ಮೈಯಾಗ ಆರಾಮ ಇರಲಿಲ್ಲ, ತಿರುಪತಿಗೆ ಮುಡಿ ಕೊಟ್ಟು ಬಂದ್ಲು” ಎಂದು ಓಣಿಗೆಲ್ಲ ಸಾರಿದವಳು ಮಾರೆವ್ವನೇ. ಪಕ್ಕದ ಕೊಪ್ಪಳದ ಅಂಗಡಿಯ ಲಾಡು ತಂದು ಪ್ರಸಾದವೆಂದು ಹಂಚಿದ್ದಳು. ಭಾಗ್ಯನಗರದಲ್ಲಿ ಅದನ್ನು ನಂಬದವರಾರು? ಊರಿಗೆ ಊರೇ ತಿರುಪತಿಯಿಂದ ಬಂದ ಕೂದಲಿನ ಸಿಕ್ಕು ಬಿಡಿಸಿ ಉಣ್ಣುತ್ತದೆ. ಮಾರೆವ್ವನೂ ಅದೇ ಕೆಲಸದವಳು. ಸೊಸೆಯ ದಿಂಬಿನ ಮೇಲಿನ ಕೂದಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಕೂದಲು ಬಿಡಿಸುವ ಶೆಡ್ಡಿನ ರಾಶಿಯೊಳಗೆ ಬೆರೆಸಿಬಿಟ್ಟಿದ್ದಳು. ಎದೆಯ ರೋಗವೆಂದು ಬಾಯಿಬಿಟ್ಟು ಹೇಳಲು ಅವಳಿಗೆ ಅಷ್ಟು ನಾಚಿಕೆ.

ಡಾಕ್ಟರಮ್ಮ ಬಿಡಿಸಿಯೇ ಹೇಳಿದ್ದರು. “ಕಿಮೋದಿಂದ ಗಂಟು ಸಣ್ಣದಾಗಿದೆ. ಗಂಟಷ್ಟೇ ತೆಗೆದರೆ ಕರೆಂಟ್, ಅಂದರೆ ರೇಡಿಯೇಷನ್, ಕೊಡಲೇಬೇಕು. ಎದೆಯನ್ನೇ ಪೂರ್ತಿ ತೆಗೆದರೆ ನಿಮಗೆ ಬಹುಶಃ ಅದು ಬೇಕಾಗಲಿಕ್ಕಿಲ್ಲ. ಉಳಿಸಿಕೊಂಡ ಎದೆಯಲ್ಲಿ ಮತ್ತೆ ಬರುವ ಸಂಭವ ತುಸು ಹೆಚ್ಚು, ಆದರೆ ಪೂರ್ತಿ ತೆಗೆದರೂ ಬರುವುದೇ ಇಲ್ಲವೆಂದು ಹೇಳಲಾರೆ. ಆಯುಷ್ಯಕ್ಕೆ ಎರಡೂ ಒಂದೇ. ಯಾವುದೆಂದು ನೀವೇ ಹೇಳಬೇಕಮ್ಮ.” ಹೇಮಾ ಬಾಯಿ ತೆರೆಯುವಷ್ಟರಲ್ಲಿ ಗಂಡ ನಾಗೇಶ, “ಅವ್ವ ಹೇಳಿದಂಗ ಆಗ್ಲಿ” ಎಂದುಬಿಟ್ಟಿದ್ದ. ಅವ್ವನ ಸೆರಗು ಬಿಟ್ಟು ಬೆಳೆದವನಲ್ಲ ಆತ.

ಸೊಸೆ ಎದುರಾಡಿದ ಆ ದಿನ ಮಾರೆವ್ವ ಸಿಟ್ಟಿನಲ್ಲೇ ಶೆಡ್ಡಿಗೆ ಹೋಗಿ ಕೂತಳು. ಪಕ್ಕದಲ್ಲಿ ಕೂದಲು ಬಿಡಿಸುತ್ತಿದ್ದ ಅಂಜಲಿ ಹತ್ತಿರ ಸರಿದು ಪಿಸುಗುಟ್ಟಿದಳು.

“ಚಿಗವ್ವಾರ, ಮುಡಿ ಕೊಟ್ಟಮ್ಯಾಲೆ ನಿಮ್ಮ ಸೊಸಿ ಛಲೋ ಆದ್ಲಲ್ರಿ… ನನಗ ಎದ್ಯಾಗ ಗಂಟಾಗೇತ್ರಿ. ದವಾಖಾನಿಗೆ ಹೋಗಾಕ ನಾಚಿಕಿ. ನಾನೂ ತಿಮ್ಮಪ್ಪಗ ಮುಡಿ ಬೇಡಿಕೊಂಡೇನ್ರಿ.”

ಮಾರೆವ್ವನ ಕೈ ನಿಂತುಹೋಯಿತು. ಇನ್ನೂ ಎದೆಹಾಲು ಬಿಡದ ಕೂಸಿನ ತಾಯಿ ಈ ಅಂಜಲಿ! ತಾನು ಹಂಚಿದ ಲಾಡುವನ್ನು ಕಣ್ಣಿಗೊತ್ತಿಕೊಂಡು ತಿಂದವಳು! ಅಯ್ಯೋ, ಭೂಮಿ ಬಾಯಿಬಿಡಬಾರದೇ ಎನಿಸಿತು. ನಾಚಿಕೆಯಿಂದ ಕತ್ತು ಮೇಲೇಳಲಿಲ್ಲ. ಆದರೂ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಮುಡಿ ಕೊಟ್ಟಿಲ್ಲವ್ವಾ… ಸುಳ್ಳು ಹೇಳೇನಿ! ನನ್ನ ಸೊಸಿಗೆ ಎದಿ ಕ್ಯಾನ್ಸರ್ ಐತಿ. ಔಷಧಕ್ಕ ಕೂದಲಾ ಉದುರ್ಯಾವ. ಲಾಡೂನೂ ಅಂಗಡೀದು… ನೀ ದವಾಖಾನಿಗೆ ನಡಿ, ನಾಳೆ ನಾನ ಕರ್ಕೊಂಡು ಹೋಗ್ತೀನಿ.”

ಯಾರೋ ಒಬ್ಬಳು ಕಿಸಕ್ಕೆಂದಳು. ಅಂಜಲಿ ಮಾತ್ರ ಮಾರೆವ್ವನ ಸೆರಗು ಹಿಡಿದುಕೊಂಡು ಅಳತೊಡಗಿದಳು.

ಮನೆಗೆ ಬಂದ ಮಾರೆವ್ವನಿಗೆ ಹೊಸ್ತಿಲು ದಾಟುವ ಧೈರ್ಯವಾಗಲಿಲ್ಲ.

“ಎಲ್ಲಾರ ಮುಂದ ಖರೇ ಹೇಳಿ ಬಂದೆ ಯವ್ವಾ… ನಿನಗ ಹೆಂಗ ಬೇಕೋ ಹಂಗ ಮಾಡಿಸ್ಕೋ. ಹುಬ್ಬಳ್ಳ್ಯಾಗ ನಿನ್ನ ಸಂಗಾಟ ನಾನೂ ಇರ್ತೀನಿ.”

ಹೇಮಾ ಎದ್ದು ಹೊಸ್ತಿಲ ಬಳಿ ಬಂದಳು. “ಗಂಟಷ್ಟ ತಗಸ್ತೀನ್ರಿ… ಆದ್ರ ನಾಳೆ ಮತ್ತ ಬಂತಂದ್ರ? ‘ಉಳಿಸ್ಕೊಂಡಿದ್ದಕ್ಕ ಬಂತು’ ಅಂತ ಅನ್ನಾಂಗಿಲ್ಲಲ್ರಿ ಅತ್ತಿ?”

ಆ ಮಾತು ಮಾರೆವ್ವನ ಕರುಳನ್ನೇ ಇರಿಯಿತು. ರೋಗಕ್ಕಿಂತ ತನ್ನ ನಾಲಿಗೆಗೇ ಈ ಹುಡುಗಿ ಹೆಚ್ಚು ಹೆದರಿದ್ದಳಲ್ಲ!

“ಅನ್ನಾಂಗಿಲ್ಲ… ನಿನ್ನಾಣಿಗೂ ಅನ್ನಾಂಗಿಲ್ಲ!”

ಹೇಮಾ ತಲೆಯ ಮೇಲಿನ ಸೆರಗನ್ನು ತಾನೇ ಸರಿಸಿದಳು. ಸಣ್ಣಗೆ ಹೊಸ ಕೂದಲು ಮೊಳೆತಿತ್ತು. ಕಂಡಕಂಡವರ ಕೂದಲು ಬಿಡಿಸಿ ಮುದಿಯಾದ ಮಾರೆವ್ವನ ಕೈ, ಸೊಸೆಯ ಬೋಳು ತಲೆಯನ್ನು ಮುಟ್ಟಿದ್ದು ಅವತ್ತೇ ಮೊದಲು.