ಎಡಕ್ಕೆ ಬಿದ್ದ ಗಂಟು

ರಾತ್ರಿ ಒಂದೂವರೆಯ ಹೊತ್ತಿಗೆ ಟಾರ್ಪಾಲಿನ ಮೇಲೆ ಹಗ್ಗ ಜಾರಿದಂಥ ಸಣ್ಣ ಸದ್ದು ಕೇಳಿತು. ನನಗೆ ನಿದ್ದೆ ಕಡಿಮೆ. ಶಿರಸಿಯ ನಮ್ಮ ಮನೆಯ ಹಿಂದೆಯೇ ಮುಕ್ತಾರ್ ಸಾಹೇಬರ ಗೋದಾಮು. ಅಂಗಳದಲ್ಲಿ ತುಂಬಿದ ಲಾರಿ ನಿಂತಿತ್ತು. ಗಾಳಿ ಇರಬೇಕು ಎಂದುಕೊಂಡು ಮಗ್ಗುಲಾದೆ.

ಬೆಳಿಗ್ಗೆ ಲಾರಿಯ ಸುತ್ತ ಜನ. ಎರಡು ಚೀಲ ಕಾಳುಮೆಣಸು ಇಲ್ಲ!

ಟಾರ್ಪಾಲು ಹರಿದಿರಲಿಲ್ಲ. ಹಗ್ಗ ಕೊಯ್ದಿರಲಿಲ್ಲ. ಗಂಟುಗಳೆಲ್ಲ ಇದ್ದಲ್ಲೇ ಇದ್ದವು. ಡ್ರೈವರ್ ಜಾವೇದನಿಗೆ ಮುಳುವಾದದ್ದೇ ಅದು.

“ಈ ಗಂಟು ಹಾಕೋನು ನಮ್ಮಲ್ಲಿ ನೀನೊಬ್ಬನೇ ಅಲ್ವೇನೋ?” ಮುಕ್ತಾರ್ ಸಾಹೇಬರು ಕೈ ಚಾಚಿದರು. “ಲಾರಿ ಕೀಲಿ ಕೊಡು. ಸಂಜೆಯೊಳಗೆ ಚೀಲ ಬರ್ಲಿಲ್ಲ ಅಂದ್ರೆ ಪೊಲೀಸ್ ಠಾಣೆ.”

“ಅಪ್ಪ ಕಲ್ಸಿದ ಗಂಟು ಸಾಹೇಬ್ರೆ. ಕ್ಯಾಬಿನ್ನಲ್ಲಿ ಮಲಗಿದ್ದೆ. ನಂಗೇನೂ ಗೊತ್ತಿಲ್ಲ.”

“ಬೇರೆ ಯಾರ ಕೈಗೂ ಬರೋದಿಲ್ಲ ಅಂತ ನೀನೇ ಜಂಬ ಕೊಚ್ಚಿಕೊಳ್ತಿದ್ದೆ,” ಎಂದರು ನನ್ನ ಗಂಡ ವಿಘ್ನೇಶ್ವರ. ಅವರು ಗೋದಾಮಿನ ಮೇಲ್ವಿಚಾರಕರು. ರಾತ್ರಿ ಅಲ್ಲೇ ಮಲಗಿದ್ದರು.

ನಾನು ನಮಿತಕ್ಕನಿಗೆ ಫೋನು ಮಾಡಿದೆ.

ನಮಿತಕ್ಕ ನನ್ನ ದೊಡ್ಡಮ್ಮನ ಮಗಳು, ಪತ್ತೇದಾರಿ ಕಾದಂಬರಿ ಬರೆಯುವವಳು. ಕೈಯಾರೆ ಮಾಡಿ ನೋಡದ್ದನ್ನು ಬರೆಯಳು. ಹೊಸ ಕಾದಂಬರಿಯ ಲಾರಿ ಡ್ರೈವರನಿಗಾಗಿ ಹೋದ ತಿಂಗಳು ಕಿರವತ್ತಿಯ ಧಾಬಾದಲ್ಲಿ ಜಾವೇದನ ಪಕ್ಕ ಕೂತು, ಮಂಚದ ಕಾಲಿಗೆ ಹಗ್ಗ ಸುತ್ತಿ, ಅಂಗೈ ಸುಲಿಯುವವರೆಗೂ ಆ ಗಂಟು ಕಲಿತಿದ್ದಳು. ನಾನು ಎದುರು ಕೂತು ಯಾವ ಕೈ ಎತ್ತ ಹೋಯಿತು ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ.

ಸಿದ್ದಾಪುರದಿಂದ ಬಂದವಳೇ ಲಾರಿಗೆ ಎರಡು ಸುತ್ತು ಹಾಕಿ ಹಿಂದಿನ ಮೂಲೆಯಲ್ಲಿ ನಿಂತಳು.

“ಈ ಗಂಟು ಯಾರಾದ್ರೂ ಮುಟ್ಟಿದ್ರಾ?”

“ಇಲ್ಲ ಅಕ್ಕೋರೆ,” ಎಂದ ಹಮಾಲ ಕೆರಿಯಪ್ಪ. “ಮೂಲೆ ಸಡಿಲ ಇತ್ತು. ಸಂದಿಯಲ್ಲಿ ಇಣುಕಿ ಚೀಲ ಎಣಿಸಿದ್ವಿ, ಅಷ್ಟೇ.”

“ಜಾವೇದ್, ಪಕ್ಕದಲ್ಲಿ ಒಂದು ಗಂಟು ಕಟ್ಟು.”

ಜಾವೇದ್ ಹಗ್ಗ ಹಿಡಿದ. ಕ್ಷಣದಲ್ಲಿ ಗಂಟು ಬಿತ್ತು.

“ತುದಿ ಯಾವ ಕಡೆ ಬಂತು ಸಾಹೇಬ್ರೆ?”

“ಬಲಕ್ಕೆ.”

“ಲಾರಿಯ ಉಳಿದ ಗಂಟುಗಳಲ್ಲಿ?”

“ಎಲ್ಲ ಬಲಕ್ಕೇ.”

“ಈ ಮೂಲೆಯದ್ದರಲ್ಲಿ?”

ಮುಕ್ತಾರ್ ಸಾಹೇಬರು ಬಗ್ಗಿ ನೋಡಿದರು. ಎಡಕ್ಕೆ!

“ಇಪ್ಪತ್ತು ವರ್ಷ ಪಳಗಿದ ಕೈ ಕತ್ತಲಲ್ಲೂ ತಪ್ಪೋದಿಲ್ಲ. ಇದನ್ನ ಬಿಚ್ಚಿ ಕಟ್ಟಿದ್ದು ಬೇರೆ ಯಾರೋ.”

“ಯಾರು?”

ನಮಿತಕ್ಕ ಒಮ್ಮೆ ನನ್ನತ್ತ ನೋಡಿದಳು. “ಜಾವೇದ್ ಅಲ್ಲ. ಅಷ್ಟು ಹೇಳಬಲ್ಲೆ.”

ಕೀಲಿ ಮರಳಿ ಬಂತು. ಜಾವೇದ್ ಅದನ್ನು ಕಣ್ಣಿಗೊತ್ತಿಕೊಂಡ.

ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ನಮಿತಕ್ಕ ನನ್ನನ್ನು ತಡೆದು ನಿಲ್ಲಿಸಿದಳು. ನಮ್ಮವರೊಳಗೆ ಮಾತು ಹವ್ಯಕ ಕನ್ನಡ.

“ದೀಕ್ಷಿತಾ, ನಿನ್ನ ನೋಟುಬುಕ್ಕು ಎಲ್ಲಿದ್ದು?”

“ಮನೇಲಿ. ಎಂತಕ್ಕೆ?”

“ಅದ್ರಲ್ಲಿ ಎಡ-ಬಲ ಅದಲುಬದಲಾಗಿದ್ದು ಮಾರಾಯ್ತಿ. ನೀ ಎದುರು ಕೂತಿದ್ದೆ. ಅವನ ಬಲಗೈ ನಿಂಗೆ ಎಡಕ್ಕೆ ಕಂಡ್ಚು, ನೀ ಎಡ ಹೇಳೇ ಬರದ್ದೆ. ಆನು ನಿನ್ನ ಮನೇಲಿ ಅದನ್ನ ಓದಕಾದ್ರೆ ಗೊತ್ತಾತು, ಹೇಳಲೆ ಮರ್ತೋತು. ಅದನ್ನ ಓದಿ ಕಟ್ಟಿದ್ರೆ ಮಾತ್ರ ತುದಿ ಎಡಕ್ಕೆ ಬತ್ತು.”

“ಆನು ಕಟ್ಟಿದ್ದಲ್ಲ ಅಕ್ಕಾ!”

“ನಿನ್ನ ಕೈಲಿ ಆ ಗಂಟು ಬಿಗಿಯಲೆ ಆಗ್ತಿಲ್ಲೆ. ಧಾಬಾದಲ್ಲೇ ಆನು ನೋಡಿದ್ದಿ. ನೋಟುಬುಕ್ಕು ಮನೆ ಬಿಟ್ಟು ಹೋಯ್ದಿಲ್ಲೆ. ಮನೇಲಿ ಮತ್ಯಾರು ಇದ್ದ?”

ನಾನು ಬಸ್ಸು ಬರುವ ದಾರಿ ನೋಡಿದೆ.

“ವಿಘ್ನೇಶ್ವರ,” ಎಂದು ಅವಳೇ ಮೆಲ್ಲಗೆ ಹೇಳಿದಳು. “ಎಂತಕ್ಕೆ ಹೇಳದು ಎಂಗೂ ಗೊತ್ತಿಲ್ಲೆ.”

ಹೋದ ವಾರ ಅವರು ಆ ನೋಟುಬುಕ್ಕು ಹಿಡಿದು ಕೂತಿದ್ದರು. ಮದುವೆಯಾಗಿ ಒಂಬತ್ತು ವರ್ಷಕ್ಕೆ, ನಾನು ಬರೆದದ್ದನ್ನು ಅವರು ಓದಿದ್ದು ಅದೇ ಮೊದಲು. ನನಗೆ ಹಿಗ್ಗಾಗಿತ್ತು.

“ಸಾಹೇಬ್ರಿಗೆ ಹೇಳದು, ಬಿಡದು ನಿನ್ನ ಕೈಲಿ ಇದ್ದು,” ಎಂದು ನಮಿತಕ್ಕ ಬಸ್ಸು ಹತ್ತಿದಳು.

ಸಂಜೆ ಅವರು ಕೈಕಾಲು ತೊಳೆದು ಚಹಾಕ್ಕೆ ಕೂತರು.

“ಎಂತ ಹೇಳ್ಚು ನಿನ್ನ ಪತ್ತೇದಾರಿ? ಕಳ್ಳ ಸಿಕ್ಕಿದ್ನ?”

“ಇಲ್ಲೆ.”

“ಹಮಾಲ ಕೆರಿಯಪ್ಪನೇ ಇರಕ್ಕು. ಆನೇ ಸಾಹೇಬ್ರ ಕಿವಿಗೆ ಹಾಕಿದ್ದಿ.”

ಕೆರಿಯಪ್ಪ ನಾಳೆ ಎಂದಿನಂತೆ ಎಂಟಕ್ಕೆ ಬರುತ್ತಾನೆ. ಅವನ ಪರವಾಗಿ ಹೇಳಲು ಯಾವ ಗಂಟೂ ಇಲ್ಲ, ಇರುವವಳು ನಾನೊಬ್ಬಳೇ.

ಅವರು ಲೋಟ ಮುಂದೆ ಚಾಚಿದರು. ನಾನು ಇನ್ನಷ್ಟು ಚಹಾ ಹಾಕಿದೆ. ಹಾಕುತ್ತಿರುವಾಗಲೇ ನಿಶ್ಚಯವಾಗಿ ಹೋಗಿತ್ತು — ಯಾರಿಗೂ ಹೇಳುವುದಿಲ್ಲ. ಮುಕ್ತಾರ್ ಸಾಹೇಬರಿಗಿಲ್ಲ, ಕೆರಿಯಪ್ಪನಿಗಿಲ್ಲ. ನನಗೆ ಗೊತ್ತಿದೆ ಎಂದು ಇವರಿಗೂ ಇಲ್ಲ.