ಮೊದಲ ಬನ್ನಿಯ ಗಾದಿ

“ಆ ಗಾದಿ ಮ್ಯಾಲೆ ಕೂಡಬ್ಯಾಡ್ರಿ ಸಾಬ. ಕೈ ಸೈತ ಹಚ್ಚಬ್ಯಾಡ್ರಿ.”

ಅಜೀಜಾಬಿ ಹೇಳಿದ್ದು ಪಿಸುದನಿಯಲ್ಲಿ. ಎಂಬತ್ತು ದಾಟಿದ ಮುದುಕಿ. ಉದ್ದನೆಯ ಕೋಲಿಗೆ ಕಸಬರಿಗೆ ಕಟ್ಟಿಕೊಂಡು, ಗಾದಿಯಿಂದ ನಾಲ್ಕು ಮಾರು ದೂರವೇ ನಿಂತು ವಾಡೆಯ ದರ್ಬಾರ ಖೋಲಿ ಗುಡಿಸುತ್ತಿದ್ದಳು. ಹಣಮಂತ್ರಾಯನಿಗೆ ನಗು ಬಂತು. ಪುಣೆಯಲ್ಲಿ ಬೆಳೆದು, ಇಂಜಿನಿಯರಿಂಗ್ ಓದಿ, ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವವನು ಅವನು. ಹತ್ತಿ ತುಂಬಿದ ಹಾಸಿಗೆಗೆ ಹೆದರುವ ಪೈಕಿ ಅಲ್ಲ.

“ಕೂತ್ರ ಏನಾಗ್ತದ? ಕಚ್ಚತದೇನು?”

“ದಸರಾಕ್ಕ ಅಲ್ಲಿ ಕೂತು ಮೊದಲ್ನೇ ಬನ್ನಿ ತಗೊಂಡವಗ ಊರೆಲ್ಲಾ ಬಗ್ಗಿ ಮುಜರೆ ಮಾಡ್ತದ್ರಿ. ಹೆತ್ತವ್ವ, ಹೆಂಡ್ತಿ, ಮಕ್ಕಳು ಮಾತ್ರ ಗುರ್ತು ಹಿಡಿಯಂಗಿಲ್ಲ.”

ಹಣಮಂತ್ರಾಯನ ಅಜ್ಜ ಭೀಮಾ ದಂಡೆಯ ಹನ್ನೆರಡು ಹಳ್ಳಿಗಳಿಗೆ ರಾಜ. ಎರಡನೇ ರಾಣಿ ಬಂದ ಮೇಲೆ ಮೊದಲನೆಯವಳನ್ನು ಮರೆತ. ಒಂದು ದಿನ ತುಂಬಿದ ದರ್ಬಾರಿನಲ್ಲಿ ಅವಳತ್ತ ಬೆರಳು ಮಾಡಿ “ಯಾರಿಕಿ?” ಎಂದು ಕೇಳಿದನಂತೆ. ಹೊಟ್ಟೆಕಿಚ್ಚಿನಲ್ಲಿ ಬೆಂದ ಹೆಂಗಸು ಮಾಟದವನನ್ನು ಕರೆಸಿದಳು. ತನ್ನ ತಲೆಗೂದಲು ಸುತ್ತಿದ ಒಂದು ಗೊಂಬೆಯನ್ನು ಗಾದಿಯ ಹತ್ತಿಯೊಳಗೆ ಹೊಲಿಸಿದಳು. ಅವತ್ತು ದೀಪ ಹಿಡಿದು ನಿಂತವಳು ಹುಡುಗಿ ಅಜೀಜಾಬಿ. ಗಾದಿ ಸುಟ್ಟರೆ ವಂಶ ಸುಟ್ಟೀತು. ಕೂತವನಿಗೆ ಬಿಡುಗಡೆ ಬೇಕಾದರೆ ಅದೇ ರಕ್ತದವರು ಇನ್ನೊಬ್ಬರು ತಾವಾಗಿ ಕೂತು ಬನ್ನಿ ತಗೋಬೇಕು. ಮುದುಕಿ ಇಷ್ಟನ್ನೂ ಹೇಳಿ ಹೆದರಿದ ಕಣ್ಣಿನಿಂದ ನೋಡಿದಳು.

“ಕತಿ ಛಲೋ ಅದ,” ಎಂದು ಹಣಮಂತ್ರಾಯ ಹೊರಟುಬಿಟ್ಟ.

ಅವನಿಗೆ ಗೊತ್ತಿತ್ತು, ಗಾದಿಯ ಹತ್ತಿರ ಬೇರೆ ಯಾರೂ ಸುಳಿಯಬಾರದೆಂದು ಈ ಕತೆ ಹುಟ್ಟಿಸಿದವನು ಯಾರೆಂದು. ದೌಲತರಾಯ. ದೊಡ್ಡಪ್ಪನ ಮಗ. ಸಂಸ್ಥಾನ ಹೋಗಿ ಮೂವತ್ತಾರು ವರ್ಷವಾಗಿದ್ದರೂ ಗಾದಿಯ ಮೇಲೆ ಪ್ರತಿ ದಸರಾಕ್ಕೂ ಅವನೇ ಕೂಡುತ್ತಿದ್ದ. ಉಳಿದ ಹೊತ್ತು ಸರಕಾರಿ ಬಸ್ಸಿನ ಕಂಡಕ್ಟರು. ನಿನ್ನೆ ಅಫಜಲಪುರದಿಂದ ಬರುವಾಗ ಹಣಮಂತ್ರಾಯ ಕಣ್ಣಾರೆ ಕಂಡಿದ್ದ. ಖಾಕಿ ಅಂಗಿಯ ದೌಲತರಾಯ ಚಿಲ್ಲರೆ ಎಣಿಸುತ್ತ ಬಂದರೆ ಮುದುಕರು ಸೀಟು ಬಿಟ್ಟು ಎದ್ದು, ಸೊಂಟ ಬಗ್ಗಿಸಿ ಮುಜರೆ ಮಾಡಿ, ಆಮೇಲೆ ಟಿಕೇಟು ತಗೊಳ್ಳುತ್ತಿದ್ದರು! ಅವರನ್ನು ನೋಡಿ ಹಣಮಂತ್ರಾಯನ ಆರು ವರ್ಷದ ಮಗಳು ರೇವೂ ಕೂಡ ಬಗ್ಗಿದಳು. ಇಂಜಿನಿಯರ್ ಸಾಹೇಬನ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು.

ಇವತ್ತು ದಸರಾದ ಬೆಳಿಗ್ಗೆ ನಾಷ್ಟಾಕ್ಕೆ ಕೂತಾಗಲಂತೂ ಆ ಉರಿ ಇನ್ನೂ ಏರಿತು. ದೌಲತರಾಯನ ಹೆತ್ತ ತಾಯಿ ಸುಭದ್ರಾಬಾಯಿ ತಲೆತುಂಬ ಸೆರಗು ಹೊದ್ದು ಬಂದು, ಮಗನ ಮುಂದೆ ತಾಟು ಇಟ್ಟು, ಹಿಂದೆಹಿಂದಕ್ಕೆ ಸರಿದು ನಿಂತಳು. “ಧಣೀರ ಊಟ ಆಗ್ಲಿ,” ಎಂದಳು. ದೌಲತರಾಯ ತಲೆ ಎತ್ತಲಿಲ್ಲ. ರೊಟ್ಟಿ ಮುರಿಯದೆ ತಾಟನ್ನು ಪಕ್ಕಕ್ಕೆ ಸರಿಸಿದ. ಹಣಮಂತ್ರಾಯ ಅದನ್ನು ನೋಡಲಿಲ್ಲ. ಹೆತ್ತವಳಿಂದಲೂ ಇಂಥ ಮರ್ಯಾದೆಯೇ ಎಂದು ಹಲ್ಲು ಕಡಿದ. ನನ್ನಪ್ಪನೂ ಅದೇ ರಾಜನ ಮಗನಲ್ಲವೇ? ನನಗೇಕಿಲ್ಲ?

ಮಧ್ಯಾಹ್ನದ ಹೊತ್ತಿಗೆ ಹನ್ನೆರಡೂ ಹಳ್ಳಿಯ ಹಿರಿಯರು ಬನ್ನಿಯೆಲೆ ಹಿಡಿದು ದರ್ಬಾರ ಖೋಲಿಯಲ್ಲಿ ನೆರೆದರು. ಹೊರಗೆ ಹಲಗೆ ಬಡಿಯುತ್ತಿದ್ದರು. ಗಾದಿ ಮಾತ್ರ ಖಾಲಿ. ಬೆಳಗಿನ ಪಾಳಿ ಮುಗಿಸಿ ಬರುತ್ತಿದ್ದ ದೌಲತರಾಯನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಸುದ್ದಿ ಬಂತು. ಬನ್ನಿಯ ವೇಳೆ ಮೀರುತ್ತಿದೆ ಎಂದು ಹಿರಿಯರು ಗುಜುಗುಜು ಮಾಡಿದರು.

ಹಣಮಂತ್ರಾಯ ಎದ್ದ.

“ಬ್ಯಾಡ್ರಿ,” ಎಂದಳು ಹೆಂಡತಿ ಕಸ್ತೂರಿಬಾಯಿ. “ಆ ಮುದುಕಿ ನನಗೂ ಹೇಳ್ಯಾಳ, ಕೇಳಿ ನನ್ನ ಎದಿ ಧಸಕ್ ಅಂದದ.”

“ನಿನ್ನ ಗಂಡಗ ನಾಕು ಮಂದಿ ಕೈ ಮುಗದ್ರ ನಿನಗೇನ್ ತ್ರಾಸು?”

ಹೋಗಿ ಕೂತ. ಕಿಟಕಿಯಿಲ್ಲದ ಖೋಲಿ. ಒಂದೇ ಒಂದು ಸಮೆಯ ದೀಪ ಉರಿಯುತ್ತಿತ್ತು. ಗಾದಿ ಮೆತ್ತಗಿತ್ತು, ಬೆಚ್ಚಗಿತ್ತು, ಈಗಷ್ಟೇ ಯಾರೋ ಎದ್ದುಹೋದ ಹಾಗೆ. ಕೆಳಗಿನಿಂದ ಸುಟ್ಟ ಕೂದಲಿನ ಕಮಟು ಎದ್ದಿತು. ಅದರ ಬೆನ್ನಿಗೇ ಬಾಗಿಲಲ್ಲಿ ಕಿರುಚಿದ್ದು ಕೇಳಿತು.

“ಏಳೋ ತಮ್ಮಾ! ಬನ್ನಿ ತಗೋಬ್ಯಾಡ!”

ದೌಲತರಾಯ. ಖಾಕಿ ಅಂಗಿ ಬೆವರಿನಲ್ಲಿ ತೊಯ್ದು, ಹೆಗಲಲ್ಲಿ ಟಿಕೇಟಿನ ಚೀಲ ಜೋತಾಡುತ್ತಿತ್ತು. ಮೂರು ಮೈಲಿ ಓಡಿ ಬಂದಿದ್ದ. ಹಣಮಂತ್ರಾಯ ಅವನ ಮುಖ ನೋಡಿ ಖುಷಿಪಟ್ಟ. ಈಗ ನಿನ್ನ ಹೊಟ್ಟೆ ಉರಿಯಲಿ! ಕೈ ಚಾಚಿ, ಹಿರಿಯರು ಕೊಟ್ಟ ಮೊದಲ ಬನ್ನಿಯನ್ನು ಹಿಡಿದ.

ಹಲಗೆ ನಿಂತಿತು. ಸಮೆ ಕುಗ್ಗಿತು. ಕತ್ತಲು ಒಮ್ಮೆ ಮುಖದ ಮೇಲೆ ಕೂದಲಿನಂತೆ ಆಡಿ ಹೋಯಿತು. ಗಾದಿಯೊಳಗೆ ಏನೋ ಮಗ್ಗುಲು ಬದಲಿಸಿತು.

“ಮುಜರೆ ಧಣೀ!” ಖೋಲಿಗೆ ಖೋಲಿಯೇ ಬಗ್ಗಿತು.

ಹಿಂದಿನ ಸಾಲಿನಿಂದ ಸುಭದ್ರಾಬಾಯಿ ಎದ್ದು ಬಂದಳು. ಸೆರಗು ಜಾರಿದ್ದರ ಪರಿವೆಯಿಲ್ಲ. ಗಾದಿಯನ್ನು ದಾಟಿ ನೇರ ಬಾಗಿಲಿಗೆ ಹೋಗಿ ದೌಲತರಾಯನ ಗದ್ದ ಹಿಡಿದಳು. “ದೌಲ್ಯಾ! ಎಲ್ಲಿ ಹೋಗಿದ್ಯೋ ಇಷ್ಟು ದಿನ? ಯಾಕಿಷ್ಟು ಸೊರಗೀದಿ?”

ನಲವತ್ತು ದಾಟಿದ ಗಂಡಸು ತಾಯಿಯ ಹೆಗಲಿಗೆ ಮುಖ ಒತ್ತಿ ಅತ್ತ. ಇಪ್ಪತ್ತು ವರ್ಷದಿಂದ ಆ ಬಾಯಲ್ಲಿ ಅವನ ಹೆಸರು ಬಂದಿರಲಿಲ್ಲ.

ಹಣಮಂತ್ರಾಯ ಕೈಯೊಳಗಿನ ಬನ್ನಿ ಎಸೆದ. ಗಾದಿಯಿಂದ ಜಿಗಿದು ಹೆಂಡತಿಯ ಹತ್ತಿರ ಹೋದ. “ಕಸ್ತೂರಿ…”

ಅವಳು ಸೆರಗು ಹೊದ್ದು ಹಿಂದೆ ಸರಿದಳು. ರೇವೂ ಸೊಂಟ ಬಗ್ಗಿಸಿ ಮುಜರೆ ಮಾಡಿದಳು. ಆಮೇಲೆ ಮುಖವೆತ್ತಿ ಕೇಳಿದಳು. “ಧಣೀರ್ರ, ನಮ್ಮಪ್ಪ ಎಲ್ಲಿ ಹೋದ ನೋಡೀರೇನ್ರಿ?”

“ನಾನs ನಿಮ್ಮಪ್ಪ! ರೇವೂ, ನಾನs!”

ಹುಡುಗಿ ತಾಯಿಯ ಸೀರೆಯೊಳಗೆ ಅಡಗಿದಳು. ದೌಲತರಾಯ ಬಂದು “ಇವನs ನಿನ್ನ ಗಂಡ ನೋಡವ್ವಾ” ಎಂದು ಹೇಳಿ ನೋಡಿದ. ಕಸ್ತೂರಿಬಾಯಿ ಕೆಂಗಣ್ಣು ಮಾಡಿದಳು. “ಇಂಥ ಚೇಷ್ಟೆ ಮಾಡಬ್ಯಾಡ್ರಿ ಭಾವಾ.”

ಹಣಮಂತ್ರಾಯ ಅಣ್ಣನ ಕಾಲು ಹಿಡಿದ. “ಒಂದs ಸಲ ಕೂಡಣ್ಣಾ. ಒಂದು ಬನ್ನಿ ತಗೋ.”

ದೌಲತರಾಯ ತಾಯಿಯ ಕಡೆ ನೋಡಿದ. ಅವಳು ಮಗನ ಬೆವರನ್ನು ಸೆರಗಿನಿಂದ ಒರೆಸುತ್ತಿದ್ದಳು. “ಆಗಂಗಿಲ್ಲ ತಮ್ಮಾ,” ಎಂದ. “ನಾ ಕೈ ಮುಗದು ಹೇಳ್ತೀನಿ, ಆಗಂಗಿಲ್ಲ.”

ಅಷ್ಟರಲ್ಲಿ ಯಾರೋ ನಕ್ಕರು. ಹಣಮಂತ್ರಾಯ ತಿರುಗಿದ. ಅಪ್ಪನನ್ನು ಹುಡುಕಿ ದಣಿದ ರೇವೂ ಖಾಲಿ ಗಾದಿಯ ಕಡೆ ಹೊರಟಿದ್ದಳು. ಒಂದು ಮೊಣಕಾಲು ಅದಾಗಲೇ ಮೇಲಿತ್ತು. ಎದುರಿಗೆ ಒಬ್ಬ ಮುದುಕ ಪ್ರೀತಿಯಿಂದ ಬನ್ನಿಯೆಲೆ ಚಾಚಿದ್ದ. ಅವಳೂ ಕೈ ಚಾಚಿದಳು. ಅದೇ ರಕ್ತ. ಕೂತರೆ ತನಗೆ ಬಿಡುಗಡೆ. ಒಂದು ಕ್ಷಣ ಹಣಮಂತ್ರಾಯ ಸುಮ್ಮನೆ ನಿಂತ. ಹೌದು, ನಿಂತ. ಆಮೇಲೆ ಓಡಿದ. ಮಂದಿಯನ್ನು ನೂಕಿದ. ಮಗಳ ರಟ್ಟೆ ಹಿಡಿದು ಎಳೆದು ಕೆಳಗೆ ಕೆಡವಿದ. ತಾನು ಧೊಪ್ಪನೆ ಕೂತ. ಬನ್ನಿಯನ್ನು ಕಸಿದು ಮುಷ್ಟಿಯಲ್ಲಿ ಹಿಡಿದ.

“ಅವ್ವಾ, ಆ ಧಣಿ ನನಗ ಕೆಡವಿದಾ!” ರೇವೂ ಚೀರಿ ಅತ್ತಳು.

ದೌಲತರಾಯ ಅವಳನ್ನು ಎತ್ತಿಕೊಂಡ. ಮೊಣಕೈಗೆ ಹತ್ತಿದ ಮಣ್ಣು ಜಾಡಿಸಿದ. ಅವಳು ದೊಡ್ಡಪ್ಪನ ಕೊರಳನ್ನು ಎರಡೂ ಕೈಯಿಂದ ತಬ್ಬಿ, ಅಪ್ಪನ್ನ ಹುಡುಕೋಣ ನಡಿ ಎಂದಳು. ಅವನು ಅವಳ ಬೆನ್ನು ತಟ್ಟುತ್ತ ಹೊರಗೆ ಹೋದ. ಹಣಮಂತ್ರಾಯ ಆ ಕೈಯನ್ನೇ ನೋಡುತ್ತ ಕೂತ. ಊರು ಅವನಿಗೆ ಮುಜರೆ ಮಾಡುತ್ತಲೇ ಇತ್ತು, ಅವನಿಗೆ ಮಾತ್ರ ಆ ಕಂಡಕ್ಟರನ ಮೇಲೆ ಹೊಟ್ಟೆ ಉರಿಯುತ್ತಿತ್ತು.