ಭಜಿ ವಾಸನೆಯ ಗಿರಣಿ

ಸುಂಯ್... ಸುಂಯ್...

ಮೈತ್ರಿ ಕತ್ತಲಲ್ಲೇ ಕಣ್ಣು ಬಿಟ್ಟಳು. ಯಾರೋ ಒಡೆದ ಪೀಪಿಯನ್ನು ಮೆಲ್ಲಗೆ ಊದಿದ ಹಾಗಿತ್ತು. ಬೆಕ್ಕಿನ ಮರಿ ಇರಬೇಕೆಂದು ಹಾಸಿಗೆಯ ಅಂಚಿನಲ್ಲಿ ಕೈಯಾಡಿಸಿದಳು. ಮರಿ ಇರಲಿಲ್ಲ. ಸದ್ದು ಬರುತ್ತಿದ್ದದ್ದು ಅಪ್ಪನ ಎದೆಯಿಂದ. ಅಪ್ಪ ಮಲಗಿಯೂ ಇರಲಿಲ್ಲ, ಗೋಡೆಗೆ ಒರಗಿ ಕೂತಿದ್ದ.

"ಅಪ್ಪಾ, ಏನಾಗ್ಲಿಕತ್ತದ?"

"ಏನಿಲ್ಲವ್ವಿ, ನೆಗಡಿ. ಮಲ್ಕೊ. ಆಯಿ ಮುಂದ ಹೇಳಬ್ಯಾಡ ಮತ್ತ."

ಆಯಿ ಎಂದರೆ ಅನಸುಬಾಯಿ, ಅಪ್ಪನ ತಾಯಿ. ಮೈತ್ರಿ ಹೂಂ ಎಂದು ಕಣ್ಣು ಮುಚ್ಚಿದಳು. ನಿದ್ದೆ ಮಾತ್ರ ಬರಲಿಲ್ಲ.

ಮೈತ್ರಿಯ ಅಪ್ಪ ದಶರಥನದು ಗುಂಡಗುರ್ತಿಯಲ್ಲಿ ಹಿಟ್ಟಿನ ಗಿರಣಿ. ಕರೆಂಟನ್ನು ನಂಬಿ ಕೂರುವ ಹಾಗಿಲ್ಲವಲ್ಲ, ಅದಕ್ಕೇ ಎಂಜಿನ್ ಇಟ್ಟಿದ್ದ. ಮೊದಲು ಅದಕ್ಕೆ ಡೀಸೆಲ್ ಹಾಕುತ್ತಿದ್ದರು. ಹೋದ ವರ್ಷದಿಂದ ಅಪ್ಪನ ತಮ್ಮ ರಾಜರತ್ನ ಕಾಕಾ ವಾಡಿ ಪಟ್ಟಣದಿಂದ ಬಯೋಡೀಸೆಲ್ ಕ್ಯಾನು ತಂದು ಕೊಡುತ್ತಿದ್ದ. ಖಾನಾವಳಿಗಳಲ್ಲಿ ಕರಿದು ಉಳಿದ ಎಣ್ಣೆಯಿಂದ ಮಾಡಿದ್ದು ಅದು. ಎಂಜಿನ್ ಶುರುವಾದರೆ ಸಾಕು, ಗಿರಣಿಯ ತುಂಬ ಮಿರ್ಚಿ ಭಜಿಯ ವಾಸನೆ.

ಹೊಗೆಯನ್ನು ಹೊರಗೆ ಒಯ್ಯುವ ಸೈಲೆನ್ಸರ್ ಪೈಪು ದಸರೆಯ ಹೊತ್ತಿಗೇ ಬಿರುಕು ಬಿಟ್ಟಿತ್ತು. ಹೊಗೆಯೆಲ್ಲ ಒಳಗೇ ಸುತ್ತುತ್ತಿತ್ತು. ಡೀಸೆಲ್ ಇದ್ದಿದ್ದರೆ ಕಣ್ಣು ಉರಿದು, ಬೀಸಲು ಬಂದ ಹೆಂಗಸರು ಅಂದೇ ಜಗಳ ತೆಗೆಯುತ್ತಿದ್ದರು. ಭಜಿ ವಾಸನೆಯ ಮೇಲೆ ಯಾರು ಜಗಳ ತೆಗೆಯುತ್ತಾರೆ? ಚಳಿಗಾಳಿಗೆ ಹಿಟ್ಟು ಹಾರುತ್ತದೆಂದು ಅಪ್ಪ ಕಿಟಕಿಯನ್ನೂ ಮುಚ್ಚಿಬಿಟ್ಟಿದ್ದ. ಪಕ್ಕದ ಅಂಗಡಿಯ ಭೀಮಶ್ಯಾನದು ದಿನಾ ಒಂದೇ ಮಾತು.

"ದಶರಥಣ್ಣ, ಹಿಟ್ಟಿನ ಜೋಡಿ ಎರಡು ಭಜಿನೂ ಕೊಟ್ಟುಬಿಡು."

ಎಳ್ಳಮಾವಾಸ್ಯೆಗೆ ಇನ್ನು ಮೂರೇ ದಿನ. ಆ ದಿನ ಊರಿಗೆ ಊರೇ ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಹಾಗಾಗಿ ಗಿರಣಿಯ ಬಾಗಿಲಿನಿಂದ ಬೇವಿನ ಮರದ ತನಕ ಡಬ್ಬಿಗಳ ಸಾಲು. ಡಬ್ಬಿ ಎಲ್ಲಿದೆಯೋ ಅಲ್ಲೇ ಆ ಮನೆಯವರ ಪಾಳಿ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಮೈತ್ರಿ ತನ್ನ ಬಿಳಿ ರಿಬ್ಬನ್ ತೊಳೆದು ತಂದಳು. ಶನಿವಾರ ಶಾಲೆಗೆ ಬಿಳಿ ರಿಬ್ಬನ್ನೇ ಆಗಬೇಕು. ಎಂಜಿನ್ನಿನ ಬಳಿ ಬೆಚ್ಚಗಿರುತ್ತದೆ, ಬೇಗ ಒಣಗುತ್ತದೆ ಎಂದು ಅಲ್ಲಿದ್ದ ಹಗ್ಗಕ್ಕೆ ಹಾಕಿದಳು. ಒಂದು ತಾಸು ಬಿಟ್ಟು ನೋಡಿದರೆ ರಿಬ್ಬನ್ ಬೂದಿ ಬಣ್ಣಕ್ಕೆ ತಿರುಗಿತ್ತು. ಉಜ್ಜಿದರೂ ಹೋಗಲಿಲ್ಲ. ಬೆರಳಿಗೂ ಕಪ್ಪು ಅಂಟಿತು.

ಅಪ್ಪನಿಗೆ ತೋರಿಸಿದಳು. ಅವನು ನಕ್ಕುಬಿಟ್ಟ.

"ತಿನ್ನೋ ಎಣ್ಣಿ ಅದು. ತಿಂದ್ರ ಏನೂ ಆಗಲ್ಲ, ಅದರ ಹೊಗಿ ಏನ್ ಮಾಡ್ತದ?"

ನಡುವೆ ಎಂಜಿನ್ ನಿಂತಿತು. ಮತ್ತೆ ಶುರು ಮಾಡಲು ಅಪ್ಪ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಒಂದು ಸುತ್ತು ತಿರುಗಿಸಿದ, ಎರಡು ಸುತ್ತು ತಿರುಗಿಸಿದ. ಮೂರನೆಯದಕ್ಕೆ ಕೈಬಿಟ್ಟು ಚೀಲದ ಮೇಲೆ ಕುಸಿದು ಕೂತ. ಒಂದು ಕೈ ಎದೆಯ ಮೇಲಿತ್ತು. ಅಂಥ ಚಳಿಯಲ್ಲೂ ಹಣೆ ಬೆವತಿತ್ತು. ಹೆಂಗಸರೆಲ್ಲ ಹೊರಗೆ ಮಾತಾಡುತ್ತ ಕೂತಿದ್ದರು. ನೋಡಿದವಳು ಮೈತ್ರಿ ಒಬ್ಬಳೇ.

ದವಾಖಾನೆಗೆ ಹೋಗೋಣ ಎಂದು ಅವಳು ಅಂಗಲಾಚಿದಳು. ಹಬ್ಬ ಮುಗಿಯಲಿ ಎಂದ ಅಪ್ಪ. ಅಜ್ಜನ ಕಾಲದಿಂದ ಎಳ್ಳಮಾವಾಸ್ಯೆಯ ಮುಂಚೆ ಗಿರಣಿ ಒಂದು ದಿನವೂ ಮುಚ್ಚಿದ್ದಿಲ್ಲ.

ಅಂದು ರಾತ್ರಿ ಮೈತ್ರಿ ಆಯಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಆಯಿ ರಿಬ್ಬನ್ನನ್ನು ದೀಪದ ಬೆಳಕಿಗೆ ಹಿಡಿದು ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಸುಮ್ಮನೆ ಮಡಚಿ ಮೈತ್ರಿಯ ಕೈಗಿಟ್ಟಳು.

ಬೆಳಗ್ಗೆ ಗಿರಣಿಯಲ್ಲಿ ದೊಡ್ಡ ಗದ್ದಲ. ಹ್ಯಾಂಡಲ್ ಕಾಣೆಯಾಗಿತ್ತು. ಅದು ತೂಗುವ ಮೊಳೆ ಖಾಲಿ. ಅಪ್ಪ ಚೀಲ ಸರಿಸಿ ನೋಡಿದ, ಎಂಜಿನ್ನಿನ ಕೆಳಗೆ ಬಗ್ಗಿ ನೋಡಿದ. ಕೊನೆಗೆ ಮೈತ್ರಿಯ ಕಡೆ ತಿರುಗಿದ.

"ಖರೇ ಹೇಳು. ನೀನೇ ಮುಚ್ಚಿಟ್ಟೀ ಏನು?"

"ಇಲ್ಲಪ್ಪಾ. ನಾ ಮುಟ್ಟೇ ಇಲ್ಲ."

ಅಪ್ಪ ನಂಬಿದ ಹಾಗೆ ಕಾಣಲಿಲ್ಲ. ಮೈತ್ರಿಯ ಕಣ್ಣು ತುಂಬಿ ಬಂತು.

ಆಯಿ ಬೆಳಗಿನ ಜಾವದಿಂದಲೇ ಬಂದು ತನ್ನ ಸಜ್ಜೆಯ ದೊಡ್ಡ ಡಬ್ಬಿಯ ಮೇಲೆ ಕೂತಿದ್ದಳು. ಎಲ್ಲರಿಗಿಂತ ಮೊದಲ ಪಾಳಿ ಅವಳದೇ. ಹಿಂದೆ ಹುಡುಕಬೇಕು, ಸ್ವಲ್ಪ ಏಳು ಎಂದು ಭೀಮಶ್ಯಾ ಕೇಳಿದರೂ ಅಲುಗಲಿಲ್ಲ.

"ನಾ ಎದ್ದ್ರ ನನ್ನ ಪಾಳಿ ಹೋಗ್ತದ. ನೀ ಏನ್ ಬೀಸಿ ಕೊಡ್ತೀಯೇನು?"

ಬೇರೆ ಗಿರಣಿಯ ಹ್ಯಾಂಡಲ್ ತಂದರೆ ಇದಕ್ಕೆ ಹೊಂದಲಿಲ್ಲ. ಕಾಕಾನಿಗೆ ಫೋನ್ ಮಾಡಿದರು. ಹೊಸದನ್ನು ತರುತ್ತೇನೆ, ಆದರೆ ಮಧ್ಯಾಹ್ನವಾಗುತ್ತದೆ ಎಂದ. ಆಗ ಆಯಿ ಡಬ್ಬಿಯ ಮೇಲಿಂದಲೇ ಅಪ್ಪನಿಗೆ ಅಂದಳು:

"ಅಲ್ಲಿತನ ಕುಂತು ಏನ್ ಮಾಡ್ತಿ? ಸಾಲಿ ಒಂದಿನ ಬಿಟ್ಟರ ನಡೀತದ, ಪೋರಿನ ಕರಕೊಂಡು ದವಾಖಾನಿಗಿ ಹೋಗಿ ಬಾ."

ಚಿತ್ತಾಪುರದ ದವಾಖಾನೆಯಲ್ಲಿ ನಾಹಿದ ಡಾಕ್ಟರ್ ಅಪ್ಪನ ಎದೆಗೂ ಬೆನ್ನಿಗೂ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಹೊಗೆಯಲ್ಲಿ ಕೆಲಸ ಮಾಡುತ್ತೀರಾ ಎಂದರು. ಬೀಡಿಯನ್ನೂ ಸೇದುವುದಿಲ್ಲ, ಹೊಗೆ ಎಲ್ಲಿಂದ ಬರಬೇಕು ಎಂದ ಅಪ್ಪ.

ಮೈತ್ರಿ ರಿಬ್ಬನ್ ತೆಗೆದು ಮೇಜಿನ ಮೇಲಿಟ್ಟಳು.

"ಗಿರಣ್ಯಾಗ ಹಾಕಿದ್ದೆ ಮೇಡಂ. ಒಂದು ತಾಸು."

ಡಾಕ್ಟರ್ ರಿಬ್ಬನ್ನಿನ ಮೇಲೆ ಬೆರಳಾಡಿಸಿ, ಕಪ್ಪಾದ ಬೆರಳನ್ನು ಅಪ್ಪನಿಗೆ ತೋರಿಸಿದರು.

"ಇದು ಒಂದು ತಾಸಿಂದು. ನೀವು ದಿನಾ ಎಷ್ಟು ತಾಸು ಇರ್ತೀರಿ ಅಲ್ಲಿ?"

ಅಪ್ಪ ಆಗ ಬಿರುಕು ಬಿಟ್ಟ ಪೈಪು, ಕರಿದ ಎಣ್ಣೆ ಎಲ್ಲವನ್ನೂ ಹೇಳಿದ.

ಎಣ್ಣೆ ಯಾವುದೇ ಇರಲಿ, ಎಂಜಿನ್ನಿನಲ್ಲಿ ಉರಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಮಸಿ ಏಳುತ್ತದೆ ಎಂದರು ಡಾಕ್ಟರ್. ಅದು ಉಸಿರಿನ ಜೊತೆ ಶ್ವಾಸಕೋಶದ ತಳದ ತನಕ ಇಳಿಯುತ್ತದೆ. ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಆಗ ಹೃದಯಕ್ಕೂ ದುಡಿತ ಹೆಚ್ಚು. ಅಪ್ಪನ ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಸದ್ಯಕ್ಕೆ ಗಾಬರಿಯಿಲ್ಲ, ಆದರೆ ಬಿಪಿ ಏರಿದೆ, ಕಲಬುರಗಿಗೆ ಹೋಗಿ ಇನ್ನೊಂದು ಪರೀಕ್ಷೆ ಮಾಡಿಸಿ ಎಂದರು. ಉಸಿರಿನ ಜೊತೆ ಒಳಗೆ ಎಳೆದುಕೊಳ್ಳುವ ಔಷಧಿ ಕೊಟ್ಟರು. ಪೈಪು ಸರಿಯಾಗುವ ತನಕ ಗಿರಣಿಯೊಳಗೆ ಕಾಲಿಡಬಾರದು ಎಂದು ಎರಡು ಸಲ ಹೇಳಿದರು.

ಬಸ್ಸಿನಲ್ಲಿ ಅಪ್ಪ ತನ್ನ ಟವೆಲ್ಲನ್ನು ಮೈತ್ರಿಯ ತಲೆಗೆ ಸುತ್ತಿ, ಗಾಳಿ ಬಡಿಯದ ಹಾಗೆ ಅವಳನ್ನು ಒಳಗಡೆ ಸರಿಸಿ ಕೂರಿಸಿದ.

ಊರಿಗೆ ಬಂದರೆ ಗಿರಣಿಯ ಕಿಟಕಿ ತೆರೆದಿತ್ತು. ರಾಜರತ್ನ ಕಾಕಾ ಹೊಸ ಪೈಪನ್ನು ಮಾಡಿನ ಮೇಲಿನ ತನಕ ಏರಿಸಿ ಬಿಗಿಯುತ್ತಿದ್ದ. ಆಯಿಯೇ ಫೋನಿನಲ್ಲಿ ಹೇಳಿ ತರಿಸಿದ್ದಳಂತೆ. ಎಣ್ಣೆ ತಂದುಕೊಟ್ಟವನು ತಾನೇ ಎಂದು ಕಾಕಾ ಮುಖ ಸಣ್ಣದು ಮಾಡಿಕೊಂಡಿದ್ದ. ಹಬ್ಬದ ತನಕ ಗಿರಣಿ ತಾನೇ ನಡೆಸುತ್ತೇನೆ, ಅಣ್ಣ ಬೇವಿನ ಕೆಳಗೆ ಕೂತು ಪಾಳಿ ನೋಡಿಕೊಳ್ಳಲಿ ಎಂದ.

ಹೊಸ ಹ್ಯಾಂಡಲ್ ಮಾತ್ರ ಬೇಕಾಗಲಿಲ್ಲ. ಹಳೆಯದು ತನ್ನ ಮೊಳೆಗೇ ತೂಗುತ್ತಿತ್ತು.

ಅಪ್ಪ ಬಾಗಿಲಲ್ಲೇ ನಿಂತು ಕಣ್ಣು ಪಿಳುಕಿಸಿದ. "ಇಲ್ಲೇ ಹತ್ತು ಸಲ ನೋಡೀನಿ ನಾ."

"ಅದೂ ದವಾಖಾನಿಗಿ ಹೋಗಿ ಬಂದಿರಬೇಕು ಬಿಡು," ಎಂದ ಭೀಮಶ್ಯಾ. ಎಲ್ಲರೂ ಮೈತ್ರಿಯನ್ನು ನೋಡಿ ನಕ್ಕರು.

ಕಾಕಾ ಕೇಳಿದ್ದಕ್ಕೆ ಅವಳು ಹ್ಯಾಂಡಲನ್ನು ಮೊಳೆಯಿಂದ ಇಳಿಸಿದಳು. ಅದರ ಬಾಗಿನಲ್ಲಿ ಗ್ರೀಸು ಮೆತ್ತಿತ್ತು. ಗ್ರೀಸಿನಲ್ಲಿ ನಾಲ್ಕು ಸಜ್ಜೆ ಕಾಳು ಅಂಟಿದ್ದವು.

ಮೈತ್ರಿ ತಲೆಯೆತ್ತಿದಳು. ಬೆಳಗಿನಿಂದ ಜಗ್ಗದ ಆಯಿ ಈಗ ಡಬ್ಬಿ ಬಿಟ್ಟು ಎದ್ದು ನಿಂತಿದ್ದಳು. ಯಾರ ಕಡೆಗೂ ನೋಡದೆ, ಮೊದಲ ಪಾಳಿ ನನ್ನದೇ ಎಂದು ಕಾಕಾನ ಜೊತೆ ಜೋರು ಮಾಡುತ್ತಿದ್ದಳು.

"ಯಾರು ತೆಗದಿದ್ರು ಮೈತ್ರಿ? ನಿನಗ ಗೊತ್ತದ ಏನು?" ಅಪ್ಪ ಹೊರಗಿನಿಂದ ಕೇಳಿದ.

ಮೈತ್ರಿ ಕಾಳುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಬಿಡಿಸಿ ಮುಷ್ಟಿಯಲ್ಲಿ ಹಿಡಿದಳು. ತಾನೇ ಮುಚ್ಚಿಟ್ಟೆ ಎಂದು ಊರೆಲ್ಲ ಅಂದುಕೊಂಡರೆ ಅಂದುಕೊಳ್ಳಲಿ. ಇದನ್ನು ಅಪ್ಪನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಹ್ಯಾಂಡಲನ್ನು ಕಾಕಾನಿಗೆ ಕೊಟ್ಟು, ಆಯಿಯ ಡಬ್ಬಿ ಎತ್ತಲು ಇನ್ನೊಂದು ಕಡೆಯಿಂದ ಕೈ ಹಾಕಿದಳು.